ಮೂರನೇ ಮನ್ಯಾಗಿನ ಮಂಗಳ

ಇಲ್ರಿ, ನಾ ಬಾಗಲಾ ಬಿಟ್ಟು ಸರಿಯೂದಿಲ್ಲ. ನೀವು ಬೂಟಿನ ದಾರ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡಿದ್ರ ನಾ ಬ್ಯಾಸತ್ತು ಹೋಗತೀನಿ ಅನ್ಕೊಂಡೀರೇನು? ಪೊಲೀಸ್ ಸ್ಟೇಷನ್ ಎಲ್ಲೂ ಓಡಿ ಹೋಗೂದಿಲ್ಲ. ಚಹಾ ಮಾಡೇನಿ, ಮೊದಲ ಅದನ್ನ ಕುಡೀರಿ... ಬ್ಯಾಡ? ಸರಿ, ಆರಲಿ ಬಿಡ್ರಿ.

ಹೋಗಿ ಏನಂತ ಹೇಳಾವ್ರು? ಹೋದ ತಿಂಗಳ ನಮ್ಮ ಬಿಲ್ಡಿಂಗಿನ ಬಾಗಲದಾಗ ಆ ಡೆಲಿವರಿ ಹುಡುಗಗ ಚೂರಿ ಹಾಕಿದಾಂವ ಮೂರನೇ ಫ್ಲೋರಿನಾಂವ, ನಾ ಕಣ್ಣಾರೆ ಕಂಡೇನಿ ಅಂತ? ಹೇಳಿದ ಮ್ಯಾಲೆ ತಿರುಗಿ ಇಲ್ಲೇ ಬರಬೇಕಲ್ರಿ. ಇದ ಲಿಫ್ಟ್ ಹತ್ತಬೇಕು. ಲಿಫ್ಟಿನಾಗ ಅವನ ಅವ್ವ ಇರತಾಳ, ಟ್ರಾಮ್ ಸ್ಟಾಪಿನಾಗ ಅವನ ಗೆಳ್ಯಾರಿರತಾರ. ಲಿಫ್ಟ್ ಕೆಟ್ಟಾಗ ನನ್ನ ಅಕ್ಕಿ ಚೀಲಾ ಹೊತ್ತು ತಂದು ಕೊಟ್ಟಾಂವ ರೀ ಅವ... ಹಂಗ್ಯಾಕ ನೋಡತೀರಿ? ಅದಕ್ಕೂ ಇದಕ್ಕೂ ಸಂಬಂಧಿಲ್ಲ, ನಂಗೂ ಗೊತ್ತೈತಿ. ಸುಮ್ನ ಅಂದೆ.

ಪೊಲೀಸರು ಮನಿ ಮನಿಗೆ ಬಂದು ಕೇಳಿದಾಗ ಇಬ್ರೂ ಏನೂ ಕಂಡಿಲ್ಲ ಅಂದೀವಿ. ಅಲ್ಲಿಗೆ ಮುಗೀತು. ನಿತೀಶನೂ ಊರಿನ ಆ ತುದಿ ಕಿಂಗ್ಸ್‌ಬರಿಯಿಂದ ಫೋನ್ ಮಾಡಿ ಅದ ಅಂದ, 'ಡ್ಯಾಡ್, ಡೋಂಟ್ ಗೆಟ್ ಇನ್ವಾಲ್ವ್ಡ್' ಅಂತ. ಹೆತ್ತ ಮಗ ಹೇಳಿದ್ದು ಕಿವಿಗೆ ಹೋಗಲಿಲ್ಲ. ನಿನ್ನಿ ಆ ಸತ್ತಾಂವನ ಅವ್ವ ಬಂದು ಕೆಳಗ ಹೂವಿಟ್ಟು ಹೋದ್ಲು ನೋಡ್ರಿ, ಆಗಿಂದ ನೀವು ಮಾತು ಬಿಟ್ಟೀರಿ. ರಾತ್ರಿ ರೊಟ್ಟಿ ಮುರದು ಹಂಗ ಬಿಟ್ಟು ಎದ್ರಿ.

ಮತ್ತ ಅದನ್ಯಾಕ ನೋಡಾಕತ್ತೀರಿ? ಇಂಟರ್‌ಕಾಮ್ ಕೆಟ್ಟೈತಿ ಅಂತ ಹೇಳೇನಲ್ಲ. ಕೆಳಗ ಯಾರರ ಗುಂಡಿ ಒತ್ತಿದ್ರ ಇಲ್ಲಿ ಕೂಗೂದಿಲ್ಲ. ಬಿಲ್ಡಿಂಗ್ ನೋಡಿಕೊಳ್ಳೂ ಕೌನ್ಸಿಲ್‌ನವ್ರಿಗೆ ಹೇಳೇನಿ, ಬಂದಾಗ ಬರತಾರ. ಈ ಕಡೆ ನೋಡ್ರಿ. ನನ್ನ ಮಾರಿ ನೋಡಿ ಮಾತಾಡ್ರಿ.

ನಂಗ ಗೊತ್ತೈತಿ, ನಿಮ್ಮ ತಲ್ಯಾಗ ಇದನ್ನ ತುಂಬಿದಾವ್ರು ಯಾರು ಅಂತ. ಈಸ್ಟ್ ಹ್ಯಾಮಿನ ಅಶ್ವತ್ಥನಾರಾಯಣ ಜೋಯಿಸರು. ಈ ಕೊಲಿ ಆಗೂ ಮೊದಲ, ಸೀರಿ ಅಂಗಡಿ ಮ್ಯಾಲಿನ ಖೋಲ್ಯಾಗ ಕುಂತು ಏನ್ ಬಣ್ಣಿಸಿದ್ರು! 'ಶಾಂತಪ್ಪನವರೇ, ನಿಮಗೆ ಮೂರನೇ ಮನೇಲಿ ಮಂಗಳ ಇದ್ದಾನೆ, ಅದು ಪರಾಕ್ರಮ ಸ್ಥಾನ. ಕೆಲವರಿಗೆ ಪ್ರಾಯದಲ್ಲಿ ಫಲ ಕೊಡ್ತಾನೆ, ನಿಮಗೆ ಅರವತ್ತು ದಾಟಿದ ಮೇಲೆ. ನೀವು ಹುಟ್ಟಿದ್ದು ಯಾಕೆ ಅಂತ ಈಗ ಗೊತ್ತಾಗತ್ತೆ.' ಹೊಳ್ಳಿ ಬರೂ ಮುಂದ ಡಿಸ್ಟ್ರಿಕ್ಟ್ ಲೈನ್ ಟ್ರೇನಿನಾಗ ನೀವು ಎದಿ ಸೆಟಿಸಿ ಕುಂತದ್ದು ಇನ್ನೂ ನನ್ನ ಕಣ್ಣಾಗೈತಿ. ಮರುದಿನ ಎದ್ದು ದಾಡಿ ಮಾಡಿಕೊಂಡ್ರಿ. ಎಷ್ಟು ತಿಂಗಳ ಮ್ಯಾಲೆ!

ಹಂಗಾರ ಕೇಳ್ರಿ, ಇವತ್ತು ಹೇಳೇ ಬಿಡತೀನಿ. ಅದನ್ನೆಲ್ಲಾ ಹೇಳಿಸಿದಾಕಿ ನಾನು.

ಹೌದ್ರಿ, ನಾನ. ಅಲ್ಲಿಗೆ ಹೋಗೂ ಮುಂಚಿನ ದಿನಾ ಫೋನ್ ಹಚ್ಚಿ ಜೋಯಿಸರಿಗೆ ಅಂಗಲಾಚಿದೆ. ನಮ್ಮ ಮನ್ಯಾವ್ರಿಗೆ ಏನರ ಛಲೋ ಹೇಳ್ರಿ, ಇನ್ನೂ ದೊಡ್ಡ ಕೆಲಸ ಬಾಕಿ ಐತಿ ಅನ್ರಿ ಅಂದೆ. ಮತ್ತೇನ್ ಮಾಡಬೇಕಿತ್ತು? ಈ ಇಂಗ್ಲಿಷರ ದೇಶಕ್ಕ ಬಂದು ಇಲ್ಲೇ ಕ್ರೋಯ್ಡನ್ನಿನ ಆ ಆಫೀಸಿನಾಗ ಸೆಕ್ಯುರಿಟಿ ಅಂತ ಜನ್ಮ ಕಳದ್ರಿ, ಕ್ಯಾಮೆರಾ ಟಿವಿ ಮುಂದ ಕುಂತು ಖಾಲಿ ಕಾರಿಡಾರ್ ನೋಡಿದ್ರಿ. ಒಬ್ಬ ಕಳ್ಳ ಸೈತ ಬರಲಿಲ್ಲ. ರಿಟೈರ್ ಆದಿಂದ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರಿ. ಜಿಪಿ ಡಾಕ್ಟರ್ ಗುಳಿಗಿ ಕೊಟ್ಟ, ಅದನ್ನೂ ನುಂಗಲಿಲ್ಲ. 'ನಾ ಯಾಕ ಹುಟ್ಟಿದ್ದೆ ಕಾಶವ್ವಾ?' ಅಂತ ಒಂದಿನ ಕೇಳಿದ್ರಿ. ಹೆಂಡ್ತಿ ಆದಾಕಿ ಅದಕ್ಕ ಏನಂತ ಉತ್ತರ ಕೊಡಬೇಕು? ಪರಾಕ್ರಮ ಅಂದ್ರ ಕನ್ನಡ ಸಂಘದಾಗ ನಾಕು ಖುರ್ಚಿ ಹಾಕತಾರ, ಗುಡಿಯೊಳಗ ಪ್ರಸಾದ ಹಂಚತಾರ ಅನ್ಕೊಂಡಿದ್ನಿ ನಾ. ಕೊಲಿ ಕೇಸಿನಾಗ ಸಾಕ್ಷಿ ಹೇಳಾಕ ಹೊಂಟಾರು ಅಂತ ಕನಸಿನಾಗೂ ಅನ್ಕೊಂಡಿದ್ದಿಲ್ಲ. ಮಂಗಳನೂ ಇಲ್ಲ, ಮಣ್ಣೂ ಇಲ್ಲ. ಎಲ್ಲಾ ಸುಳ್ಳು. ಬೂಟು ಬಿಚ್ಚರಿ ಈಗ.

ಯಾಕ ನಗಾಕತ್ತೀರಿ?

ನಗೂದೇನೈತಿ ಇದರಾಗ... ಪಾಸ್‌ಪೋರ್ಟ್ ಯಾಕ ತಗೀತೀರಿ? ಏನ್ ತೋರಸ್ತೀರಿ? ಜೂನ್ ಒಂದು. ಹೌದು, ನಿಮ್ಮ ಹುಟ್ಟಿದ ದಿನ. ಅದು ಮಾಸ್ತರ ಸಾಲ್ಯಾಗ ಹೆಸರು ಹಚ್ಚೂ ಮುಂದ ತಾನ ಬರದಿದ್ದು, ನಿಮ್ಮ ಓಣಿ ಹುಡುಗ್ರೆಲ್ಲಾ ಜೂನ್ ಒಂದಕ್ಕ ಹುಟ್ಟ್ಯಾರ. ಜ್ವಾಳದ ರಾಶಿ ನಡದಾಗ ಹಡದೆ ಅಂತ ಅತ್ತಿ ಅಂತಿದ್ರು. ಯಾವ ದಿನ, ಯಾವ ತಾಸು, ಅವರಿಗೂ ನೆನಪಿರಲಿಲ್ಲ...

ಅಯ್ಯ ಶಿವನ.

ಹುಟ್ಟಿದ ತಾಸ ಗೊತ್ತಿಲ್ಲದಾಂವಗ ಎಲ್ಲೀ ಕುಂಡಲಿ, ಎಲ್ಲೀ ಮೂರನೇ ಮನಿ. ಅವತ್ತ ನಿಮಗ ತಿಳದಿತ್ತು. ತಿಳದೂ ಜೋಯಿಸರ ಕಾಲು ಮುಟ್ಟಿದ್ರಿ, ತಿಳದೂ ದಾಡಿ ಮಾಡಿಕೊಂಡ್ರಿ. ನಾ ಅಷ್ಟು ಕಷ್ಟಪಟ್ಟು ಹೇಳಿಸೇನಿ ಅಂತ, ನನ್ನ ಸಮಾಧಾನಕ್ಕ. ಹಂಗಾದ್ರ ನಿಮ್ಮನ್ನ ಯಾವ ಗ್ರಹನೂ ಕಳಸಾಕತ್ತಿಲ್ಲ. ನೀವ ಹೊಂಟೀರಿ.

ಹೋದ್ರ ನಿಮ್ಮನ್ನ ಉಳಸೂದಿಲ್ಲ ಅವ್ರು. ನಂಗ ನಿಮ್ಮ ಜೀವದ ಚಿಂತಿ, ಮತ್ತೇನಿಲ್ಲ. ಮತ್ತೇನೈತಿ ನಂಗ? ...ರೀ, ಆ ಇಂಟರ್‌ಕಾಮ್ ನೋಡೂದು ಬಿಡ್ರಿ ಅಂದೆ. ನೀವು ಅದನ್ನ ನೋಡೂದು, ಆಮ್ಯಾಲೆ ನನ್ನ ನೋಡೂದು. ಒಂದು ತಿಂಗಳಾತು ಇದ ನಡದೈತಿ.

ಅವತ್ತು ಎಲ್ಲಿ ನಿಂತಿದ್ರಿ ನೀವು?

ಹಾಲು ತರಾಕ ಹೋಗಿದ್ರಿ. ಟ್ರಾಮ್ ಸ್ಟಾಪಿನಿಂದ ಕಂಡೆ ಅಂದಿದ್ರಿ ನನ್ನ ಮುಂದ. ಆದ್ರ ಟ್ರಾಮ್ ಸ್ಟಾಪಿನಿಂದ ಬಾಗಲದಾಗ ನಿಂತಾವ್ರ ಮಾರಿ ಕಾಣೂದಿಲ್ರಿ. ನಾ ಹೋಗಿ ನಿಂತು ನೋಡೇನಿ. ಮಾರಿ ಕಾಣಬೇಕಾದ್ರ ಕಸದ ಡಬ್ಬಿ ಹಂತೇಕ ಬರಬೇಕು. ಡಬ್ಬಿ ಹಿಂದ ಅಡಗಿದ್ರೇನು? ಹಾಲಿನ ಬಾಟ್ಲಿ ಹಿಡಕೊಂಡು? ...ತಪ್ಪೇನಿಲ್ಲ. ಯಾರಾದ್ರೂ ಅಡಗತಿದ್ರು.

ಡಬ್ಬಿ ಹಂತೇಕ ಅಂದ್ರ... ಇಂಟರ್‌ಕಾಮಿನ ಕೆಳಗಿನ ಸ್ಪೀಕರ್ ಅಲ್ಲಿಗೆ ಕೇಳಸತೈತಿ. ಜೋರ ಕೂಗತೈತಿ ಅದು.

ಕೇಳ್ಸಿತ್ತು ನಿಮಗ.

ಇಲ್ಲ ಅನ್ರಿ. ಒಂದ ಸಲ ಇಲ್ಲ ಅನ್ರಿ, ಸುಳ್ಳರ ಹೇಳ್ರಿ. ಈ ಬಿಲ್ಡಿಂಗಿನಾಗ ಕನ್ನಡದಾಗ ಮಾತಾಡೂ ಹೆಂಗಸು ನಾನೊಬ್ಬಾಕಿ. ಆ ಡೆಲಿವರಿ ಹುಡುಗ ಜೀವ ಉಳಸ್ಕೊಳ್ಳೂ ಗಡಿಬಿಡಿಯೊಳಗ ಕೈಗೆ ಸಿಕ್ಕ ಗುಂಡಿ ಒತ್ತಿದ, ಅದು ನಮ್ಮದ ಇತ್ತು. ನೀವ ಕೀಲಿ ಮರತು ಹೋಗೀರಿ ಅನ್ಕೊಂಡು ರಿಸೀವರ್ ಎತ್ತಿ 'ಬಂದ್ರೇನ್ರಿ?' ಅಂದೆ. ನಿಮ್ಮನ್ನ ಕರದಂಗ. ನೀವು ಅಲ್ಲೇ ನಿಂತು ಅದನ್ನ ಕೇಳಿದ್ರಿ. ಆಮ್ಯಾಲೆ ನಾ ರಿಸೀವರ್ ಇಟ್ಟ ಸಪ್ಪಳಾನೂ ಕೇಳಿದ್ರಿ.

ಇಲ್ಲಿ ಗುಂಡಿ ಒತ್ತಿದ್ರ ಕೆಳಗ ಬಾಗಲಾ ತೆರೀತಿತ್ತು. ಬೆರಳು ಅದರ ಮ್ಯಾಲೇ ಇತ್ತು ರೀ. ಅವನ ಬೆನ್ನ ಹತ್ತಿ ಬಂದಾವ್ರ ದನಿ ಕೇಳಿ ಹೆದರಿದೆ, ಒಳಗ ಬಂದಾರು ಅಂತ ಹೆದರಿದೆ. ಇಟ್ಟು ಬಿಟ್ಟೆ. ಮತ್ತ ಕೂಗಿತು, ಮತ್ತ ಕೂಗಿತು. ವಾಯರ್ ಜಗ್ಗಿ ಕಿತ್ತೆ. ಅದು ಕೆಟ್ಟಿಲ್ರಿ, ನಾ ಕಿತ್ತಿದ್ದು.

ಅಲ್ಲಿ ಇದನ್ನೂ ಹೇಳತೀರೇನು? ನನ್ನ ಹೆಸರೂ ಬರಸ್ತೀರೇನು?

...ಅನ್ರಿ ಏನರ. ಬೈರಿ ಬೇಕಾದ್ರ. ಮೂವತ್ತೈದು ವರ್ಷ ಬಾಳ್ವಿ ಮಾಡೀನಿ, ಒಂದು ಮಾತು ಬೈರಿ.

ಸರಿದೆ ನೋಡ್ರಿ, ಹೋಗ್ರಿ. ಮಫ್ಲರ್ ಸುತ್ತಿಕೊಳ್ರಿ, ಹೊರಗ ಥಂಡಿ ಐತಿ. ಬರಸೂದಾದ್ರ ಎಲ್ಲಾ ಬರಸ್ರಿ. ಅವ ಸಣ್ಣ ದನಿಲೆ 'ಆಂಟಿ' ಅಂದ, 'ಆಂಟಿ, ಪ್ಲೀಸ್' ಅಂದ. ಅದು ನಿಮಗ ಕೇಳ್ಸಿರಾಕಿಲ್ಲ, ನನಗಷ್ಟ ಕೇಳ್ಸಿದ್ದು. ಅದನ್ನ ಹೇಳಾಕ ನನ್ನ ಬಿಟ್ರ ಬ್ಯಾರೆ ಸಾಕ್ಷಿ ಇಲ್ಲ.