ಮಿಡಿ ಶೆಡ್ಡಿನ ಎರಡು ಬೀಗ

ಅಧ್ಯಕ್ಷರಾದ ಮುಕುಂದಯ್ಯನವರೇ, ಮುಖ್ಯ ಅತಿಥಿಗಳೇ, ಹೊಸನಗರದ ಸಣ್ಣ ಉದ್ಯಮಿಗಳ ಬಳಗದ ಹಿರಿಯರೇ, ಕೊನೇ ಸಾಲಿನಲ್ಲಿ ಕೂತಿರುವ ನಮ್ಮ ಉಪ್ಪಿನಕಾಯಿ ಘಟಕದ ಹೆಂಗಸರೇ, ಸಭಿಕರೇ,

‘ಆದರ್ಶ ಉದ್ಯಮಿ ದಂಪತಿ’ ಎಂದು ನಮ್ಮಿಬ್ಬರಿಗೆ ಪ್ರಶಸ್ತಿ ಕೊಟ್ಟಿದ್ದೀರಿ. ಸಂತೋಷ. ಆದರೆ ಕಳೆದ ವಾರ ನಮಗೆ ವಿಚ್ಛೇದನ ಆಗಿದೆ ಎಂಬುದು ಈ ಸಭೆಯಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ನಾನು ಬರುವುದಿಲ್ಲ ಎಂದೆ. ಮುಕುಂದಯ್ಯನವರು, “ಕಾರ್ಡ್ ಹಂಚಿ ಆಗಿದೆ ಸುಷ್ಮಾ, ಒಂದ್ ದಿನ ಅಡ್ಜಸ್ಟ್ ಮಾಡ್ಕೊ ಮಾರಾಯ್ತಿ” ಎಂದರು. ಹಾರವನ್ನೂ ಒಂದೇ ತಂದಿದ್ದಾರೆ, ಇಬ್ಬರ ಕೊರಳಿಗೂ ಸೇರಿಸಿ ಹಾಕುವಂಥದ್ದು! ನಗುವುದಾದರೆ ಜೋರಾಗಿ ನಕ್ಕುಬಿಡಿ, ನನಗೂ ಹಗುರಾಗುತ್ತದೆ.

ಇವರು... ಕ್ಷಮಿಸಿ, ಪೂರ್ಣೇಶ್ ಅವರು. ಬಾಯಿಗೆ ಇನ್ನೂ ಅಭ್ಯಾಸವಾಗಿಲ್ಲ. ಮೇಗರವಳ್ಳಿ ಕಡೆಯ ಕಾಡಿನಲ್ಲಿ ಆಳುಗಳನ್ನು ಮರ ಹತ್ತಿಸಿ, ತೊಟ್ಟು ಮುರಿಯದ ಹಾಗೆ ಅಪ್ಪೆಮಿಡಿ ಮಾವು ಇಳಿಸಿ ತರುತ್ತಿದ್ದರು. ಉಪ್ಪಿಗೆ ಹಾಕುವುದು ನನ್ನ ಕೆಲಸ. ಆಗ ನಾವು ಖುಷಿಯಾಗಿದ್ದೆವು. ಅದನ್ನು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ಘಟಕದ ಶೆಡ್ ಅವರ ಹೆಸರಿನಲ್ಲಿದೆ, ಲೈಸೆನ್ಸ್ ನನ್ನ ಹೆಸರಿನಲ್ಲಿದೆ, ಪಾಲು ಇನ್ನೂ ಇತ್ಯರ್ಥವಾಗಿಲ್ಲ. ನಾನು ಮಿಡಿಯ ಡ್ರಮ್ಮುಗಳನ್ನು ಸಾಗಿಸಿಬಿಡುತ್ತೇನೆಂದು ಹೆದರಿ ಮೊನ್ನೆ ಅವರು ಶೆಡ್ಡಿಗೆ ಬೀಗ ಹಾಕಿದರು. ಅವರು ಮಾರಿಬಿಡುತ್ತಾರೆಂದು ಹೆದರಿ ನಾನು ಅದರ ಪಕ್ಕದಲ್ಲೇ ಇನ್ನೊಂದು ಜಡಿದೆ. ಎಂಥ ಬುದ್ಧಿವಂತರು ನೋಡಿ! ಈ ವರ್ಷದ ಮಿಡಿಯೆಲ್ಲ ಒಳಗೆ ಉಪ್ಪಿನಲ್ಲಿದೆ. ಮಿಡಿ ಸುಕ್ಕುಗಟ್ಟಿ ಚಿರುಟುವ ತನಕ ದಿನಾ ಕೈಯಾಡಿಸಬೇಕು. ಬಿಟ್ಟರೆ ಬೂಷ್ಟು ಬಂದು ಕೊಳೆಯುತ್ತದೆ. ಮತ್ತೆ ಮಿಡಿ ಸಿಗುವುದು ಮುಂದಿನ ವರ್ಷ. ಅಲ್ಲಿಯವರೆಗೆ ಆ ಕೊನೇ ಸಾಲಿನವರು ಏನು ಮಾಡಬೇಕು? ನಿನ್ನೆ ಅವರಲ್ಲೊಬ್ಬರಾದ ಪುಷ್ಪಮ್ಮ ಬಾಗಿಲ ಸಂದಿಗೆ ಮೂಗಿಟ್ಟು, “ವಾಸ್ನೆ ತಿರುಗ್ತಾ ಐತೆ ಸುಷ್ಮಮ್ಮ. ನೀವಿಬ್ರು ಬೇಕಾದ್ರೆ ಬಡಿದಾಡ್ಕಳಿ, ನಮ್ ಅನ್ನಕ್ಕೆ ಯಾಕೆ ಬೀಗ?” ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮಗೆ ಕೂಸು ಆಗಲಿಲ್ಲ. ಇದ್ದದ್ದು ಇದೊಂದೇ.

ಇಗೋ, ನನ್ನ ಬೀಗದ ಕೈ. ಅಧ್ಯಕ್ಷರ ಎದುರು ಇಡುತ್ತಿದ್ದೇನೆ. ಪೂರ್ಣೇಶ್ ಅವರೇ, ನಿಮ್ಮದು? ಜೇಬು ತಡಕಬೇಡಿ, ನೀವು ಅದನ್ನು ತಂದಿರುವುದಿಲ್ಲ. ತೀರ್ಥಹಳ್ಳಿಯ ಮನೆಯಲ್ಲಿದೆ, ಅಲ್ಲವೇ? ಹೋಗಿ ತರುವಷ್ಟರಲ್ಲಿ ಈ ದಿನವೂ ಹೋಯಿತು. ನೀವೇ ಹೇಳಿ, ಏನು ಮಾಡೋಣ? ನೆಲ ನೋಡಬೇಡಿ, ಕೊನೇ ಸಾಲಿನವರನ್ನು ನೋಡಿ ಹೇಳಿ.

ಏನಂದಿರಿ? ಹಿಂದಿನವರಿಗೆ ಕೇಳಿಸಲಿಲ್ಲ.

ಕೇಳಿಸಿತಾ ಪುಷ್ಪಮ್ಮ? “ನನ್ ಬೀಗ ಒಡೀರಿ” ಅಂದರು. ಏಳಿ, ಏಳಿ, ಒಂದು ಸುತ್ತಿಗೆ ಹುಡುಕಿ, ನಾನೂ ಬಂದೆ. ಬಳಗದವರಿಗೆ ವಂದನೆಗಳು, ಊಟಕ್ಕೆ ನಮ್ಮನ್ನು ಕಾಯಬೇಡಿ. ಪೂರ್ಣೇಶ್ ಅವರೇ, ನೀವೂ ಬರುವುದಾದರೆ ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬನ್ನಿ, ಒದ್ದೆ ಕೈ ಮಿಡಿಗೆ ಆಗುವುದಿಲ್ಲ. ನಮಸ್ಕಾರ.