ಅಪ್ಪನ ಒಳಗಿನ ದೂರ

ಆಸ್ಪತ್ರೆಯಲ್ಲಿ ನಾನು ಲಿಫ್ಟಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಕ್ಕ, ತಮ್ಮ ಇಬ್ಬರು ಕೂತಿದ್ದರು. ಪಾರ್ಶ್ವವಾಯು ಬಡಿದ ಅವರ ಅಪ್ಪ ವಾರ್ಡಿನೊಳಗಿದ್ದರು. ತಮ್ಮನ ತೊಡೆಯ ಮೇಲೆ ಅವರ ಮಿದುಳಿನ ಸ್ಕ್ಯಾನ್ ಇತ್ತು.

“ಎಳ್ಳುಕಾಳಷ್ಟು ಗಾಯ ಕಣೋ. ಇಷ್ಟಕ್ಕೇ ನನ್ನ ಮರೆತುಬಿಟ್ರಾ?”

“ಮರೆತಿಲ್ಲ ಅಕ್ಕ. ನಿನ್ನ ಮುಖ ಒಂದು ಕಡೆ ಇದೆ, ನಿನ್ನ ಮೇಲಿನ ಪ್ರೀತಿ ಇನ್ನೊಂದು ಕಡೆ ಇದೆ. ಮಧ್ಯದ ದಾರಿ ಕಡಿದುಹೋಗಿದೆ.”

“ಎರಡರ ಮಧ್ಯೆ ಬೆರಳಗಲ ದೂರಾನೂ ಇಲ್ವಲ್ಲೋ ಇಲ್ಲಿ.”

“ಇದ್ರಲ್ಲಿ ಕಾಣೋ ದೂರ ಬೇರೆ. ಮಿದುಳಿಗೆ ತನ್ನದೇ ಇನ್ನೊಂದು ನಕ್ಷೆ ಇದೆ, ಅದು ಕಣ್ಣಿಗೆ ಕಾಣಲ್ಲ. ಅದರಲ್ಲಿ ಎಷ್ಟೋ ದಾರಿಗಳು ಒಂದೇ ಕಡೆ ಬಂದು ಕೂಡ್ತವೆ. ಏಟು ಬಿದ್ದಿರೋದು ಅಲ್ಲಿಗೇ.”

“ಆ ನಕ್ಷೆ ಹುಡುಕ್ತೀನಿ ಅಂತಲೇ ತಾನೇ ನೀನು ಗಣಿತ ಓದಿ ಇಷ್ಟು ವರ್ಷ ಮಿದುಳಿನ ಲೆಕ್ಕ ಹಾಕಿದ್ದು? ಬೇರೆ ದಾರಿ ತೋರಿಸು.”

“ದೂರ ಅಳೆಯೋಕೆ ಬರುತ್ತೆ ಅಕ್ಕ. ದಾರಿ ಹಾಕೋಕೆ ಬರಲ್ಲ.”

ಅವಳು ಸ್ಕ್ಯಾನನ್ನು ಮಗುಚಿಟ್ಟಳು.

“ಬೆಳಿಗ್ಗೆ ನಾನು ಫೋನ್ ಮಾಡಿದಾಗ ಅಪ್ಪ ‘ಮಗಳೇ, ಯಾವಾಗ ಬರ್ತೀಯ’ ಅಂದ್ರು. ಓಡಿ ಬಂದೆ. ‘ಯಾರೇ ನೀನು, ನನ್ನ ಮಗಳ ವೇಷ ಹಾಕ್ಕೊಂಡು ಬಂದಿರೋಳು’ ಅಂತ ಕೂಗಾಡಿದ್ರು.”

“ದನಿ ಬೇರೆ ದಾರೀಲಿ ಹೋಗುತ್ತೆ. ಅದು ಉಳ್ಕೊಂಡಿದೆ.”

ನರ್ಸ್ ಬಾಗಿಲು ತೆರೆದು, ನೋಡುವವರು ಬರಬಹುದು ಎಂದಳು.

“ನೀನು ಹೋಗು. ನಿನ್ನನ್ನ ಯಾರೋ ಡಾಕ್ಟ್ರು ಅಂದ್ಕೊಂಡಿದ್ದಾರೆ, ಬೈಯಲ್ಲ. ಅವರ ಕಿವಿಗೆ ಫೋನ್ ಹಿಡಿ, ನಾನು ಕೆಳಗಿಂದ ಮಾತಾಡ್ತೀನಿ.”

“ಯಾವಾಗ ಬರ್ತೀಯ ಅಂತ ಮತ್ತೆ ಕೇಳ್ತಾರೆ.”

“ದೂರದ ಊರಲ್ಲಿದ್ದೀನಿ ಅಂತೀನಿ.”

ತಮ್ಮ ಒಳಗೆ ಹೋದ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಮೆಟ್ಟಿಲಿಳಿದಳು.