ಮಗುವಿನ ಕೋಣೆಯ ಕ್ಯಾಮೆರಾ

ಉಜಿರೆಯ ಬಸ್ ನಿಲ್ದಾಣದಲ್ಲಿ ನೆರೆಮನೆಯ ಕಾಂತಿಯ ಪಕ್ಕ ಕೂತಿದ್ದ ಸಮೀನಾ, ಕಂಪ್ಯೂಟರ್ ರಿಪೇರಿಯ ಶಿಶಿರನನ್ನು ಕಂಡು ಎದ್ದೇಬಿಟ್ಟಳು.

“ಶಿಶಿರಣ್ಣ, ಮಗುವಿನ ಕೋಣೆಯ ಕ್ಯಾಮೆರಾದಲ್ಲಿ ನಿನ್ನೆ ಯಾರೋ ಗಂಡಸು ಮಾತಾಡಿದ.”

“ದುಬೈಯಿಂದ ನಿಮ್ಮವರೇ ಇರಬೇಕು.”

“ಅವರ ಸ್ವರ ನನಗೆ ಗೊತ್ತಿಲ್ವಾ ಮಾರಾಯ್ರೆ!”

“ಹಾಗಾದರೆ ಇಂಟರ್ನೆಟ್ ಲೈನಿಗೆ ಒಂದು ಸಣ್ಣ ಕಂಪ್ಯೂಟರ್ ಕೂರಿಸುವ. ಹೊರಗಿನವರನ್ನು ಅದು ತಡೀತದೆ.”

“ಕರೆಂಟ್ ಹೋದರೆ? ನಮ್ಮ ಇನ್‌ವರ್ಟರ್ ಹಳತು.”

“ಒಂದು ಬಲ್ಬಿನಷ್ಟು ಕರೆಂಟ್ ಸಾಕು ಅದಕ್ಕೆ. ಶುಕ್ರವಾರ ತರ್ತೇನೆ. ಅಲ್ಲಿವರೆಗೆ ಕ್ಯಾಮೆರಾದ ಪ್ಲಗ್ ತೆಗೆದಿಡಿ.”

“ತೆಗೆದರೆ ಅವರು ಕೇಳ್ತಾರೆ. ಮಗುವನ್ನು ನೋಡದೆ ಅವರು ಮಲಗುವುದಿಲ್ಲ.”

“ವಿಷಯ ಹೇಳಿಬಿಡಿ.”

“ಹೇಳಿದರೆ ಕೆಲಸ ಬಿಟ್ಟು ಓಡಿ ಬಂದಾರು.”

ಬೆಳ್ತಂಗಡಿಯ ಬಸ್ ಬಂತು. ಮೆಟ್ಟಿಲು ಹತ್ತುತ್ತಲೇ ಸಮೀನಾ ಫೋನಿನಲ್ಲಿ ಹೇಳುತ್ತಿದ್ದಳು: “ಕ್ಯಾಮೆರಾ ಕೆಟ್ಟಿದೆ. ಶುಕ್ರವಾರದವರೆಗೆ ನಾನೇ ಫೋನ್ ಹಿಡಿದು ಮಗುವನ್ನು ತೋರಿಸ್ತೇನೆ, ಆಯಿತಾ? ಇಲ್ಲ, ನನ್ನ ಸ್ವರಕ್ಕೆ ಏನೂ ಆಗಿಲ್ಲ.”